ಎರ್ನ್‌ಸ್ಟ್ ಬಾರ್ಲಾಖ್: ಕತ್ತಿ ಎತ್ತಿದೋನು, ಕಣ್ಣು ಮುಚ್ಚಿದೋನು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಮೊದಲೇ ಹೇಳ್ಬಿಡ್ತೀನಿ, ನಾನು ಕಲೆಯ ಇತಿಹಾಸ ಓದಿದೋನಲ್ಲ, ಸಾಫ್ಟ್‌ವೇರ್ ಕೆಲಸ, ಆದ್ರೆ ಸುಮಾರು ವರ್ಷದಿಂದ ಒಬ್ಬ ಜರ್ಮನ್ ಶಿಲ್ಪಿ ಹಿಂದೆ ಬಿದ್ದಿದೀನಿ, ಮನೇಲಿ ಇವನ ಹೆಸರೆತ್ತಿದ್ರೆ ಎಲ್ರೂ ಎದ್ದು ಹೋಗ್ತಾರೆ, ಅದಕ್ಕೇ ಇವತ್ತು ನೀವು ಸಿಕ್ಕಿಹಾಕ್ಕೊಂಡಿದೀರ.

ಶುರುವಾಗಿದ್ದು ಕೊಲೋನ್‌ನಲ್ಲಿ. ಆಫೀಸ್ ಕೆಲಸದ ಮೇಲೆ ಹೋಗಿದ್ದೆ, ಒಂದು ಶನಿವಾರ ಜಾಕೆಟ್ ತಗೊಳ್ಳೋಣ ಅಂತ ಶಿಲ್ಡರ್‌ಗಾಸೆ ಅನ್ನೋ ಬೀದೀಲಿ ಸುತ್ತುತಾ ಇದ್ದೆ, ಎರಡೂ ಕಡೆ ಬರೀ ಬಟ್ಟೆ ಅಂಗಡಿ ಶೂ ಅಂಗಡಿ, ಕಾಲು ನೋವು ಬಂದು ಎಲ್ಲಾದ್ರೂ ಪುಕ್ಕಟೆ ಕೂರೋಕೆ ಜಾಗ ಸಿಗುತ್ತಾ ಅಂತ ನೋಡಿದ್ರೆ ಅಂಗಡಿಗಳ ಮಧ್ಯೆ ಒಂದು ಹಳೇ ಚರ್ಚು, ಆಂಟೊನೀಟರ್ ಚರ್ಚ್ ಅಂತ. ಒಳಗೆ ಹೋಗಿ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ತಲೆ ತಿರುಗಿಸಿದ್ರೆ ಪಕ್ಕದಲ್ಲಿ ಗಾಳೀಲಿ ಒಬ್ರು ಮಲಗಿದಾರೆ! ಆಳೆತ್ತರದ ಕಂಚಿನ ಮೂರ್ತಿ, ಮೇಲಿಂದ ಇಳಿಬಿಟ್ಟಿದಾರೆ, ನೆಲಕ್ಕೆ ಸಮನಾಗಿ ಉದ್ದಕ್ಕೆ ಚಾಚ್ಕೊಂಡಿದೆ. ಎರಡೂ ಕೈ ಎದೆ ಮೇಲೆ ಕಟ್ಟಿದೆ, ಕಣ್ಣು ಮುಚ್ಚಿದೆ, ಬಾಯಿ ಬಿಗಿಯಾಗಿ ಮುಚ್ಚಿದೆ. ಏಂಜೆಲ್ ಅಂತಾರೆ, ಆದ್ರೆ ರೆಕ್ಕೆ ಇಲ್ಲ. 200 ಕಿಲೋಗೂ ಮೀರಿದ ಕಂಚು ಅದು, ಆದ್ರೆ ಕೆಳಗೆ ನಿಂತ್ರೆ ತಲೆ ಮೇಲೆ ಬಿದ್ದೀತು ಅನ್ಸಲ್ಲ, ಮಾತಾಡಿದ್ರೆ ಎಲ್ಲಿ ಎಚ್ಚರ ಆಗುತ್ತೋ ಅನ್ಸುತ್ತೆ. ಜಾಕೆಟ್ ಅವತ್ತು ತಗೊಳ್ಳಲೇ ಇಲ್ಲ.

ಮಾಡಿದೋನ ಹೆಸರು ಎರ್ನ್‌ಸ್ಟ್ ಬಾರ್ಲಾಖ್. ಹುಟ್ಟಿದ್ದು 1870ರ ಜನವರಿ 2, ಹ್ಯಾಂಬರ್ಗ್ ಪಕ್ಕದ ವೇಡೆಲ್ ಅನ್ನೋ ಊರಲ್ಲಿ. ಅಪ್ಪ ಡಾಕ್ಟರ್, ನಾಲ್ಕು ಗಂಡುಮಕ್ಕಳಲ್ಲಿ ಇವನೇ ದೊಡ್ಡೋನು, 14 ವರ್ಷಕ್ಕೆ ಅಪ್ಪ ತೀರ್ಕೊಂಡ್ರು. ಹ್ಯಾಂಬರ್ಗ್‌ನಲ್ಲಿ ಕಲಿತ, ಡ್ರೆಸ್ಡೆನ್ ಅಕಾಡೆಮಿಯಲ್ಲಿ ಕಲಿತ, ಪ್ಯಾರಿಸ್‌ಗೂ ಹೋಗ್ಬಂದ. ಈ ಭಾಗ ಬೇಗ ಮುಗಿಸ್ತೀನಿ ಯಾಕಂದ್ರೆ ಅವನಿಗೂ ಇದ್ರಿಂದ ಏನೂ ಗಿಟ್ಟಲಿಲ್ಲ. 35 ವರ್ಷ ಆದ್ರೂ ಇವನು ಯಾರು ಅಂತ ಇವನಿಗೇ ಗೊತ್ತಿಲ್ಲ, ಆ ಕಾಲದ ಫ್ಯಾಷನ್ನಿನ ಬಳ್ಳಿ ಬಳುಕು ಡಿಸೈನು ಮಾಡ್ಕೊಂಡಿದ್ದ, ಒಂದಷ್ಟು ದಿನ ಸೆರಾಮಿಕ್ ಸ್ಕೂಲಲ್ಲಿ ಮೇಷ್ಟ್ರಾಗಿದ್ದ, ಅದೂ ಒಗ್ಗಲಿಲ್ಲ.

ಆಮೇಲೆ 1906. ಇವನ ತಮ್ಮ ಒಬ್ಬ ಖಾರ್ಕಿವ್‌ನಲ್ಲಿದ್ದ, ಈಗಿನ ಯುಕ್ರೇನ್, ಆಗ ರಷ್ಯಾ ಸಾಮ್ರಾಜ್ಯ. ಅವನನ್ನ ನೋಡೋಕೆ ಅಂತ ಇನ್ನೊಬ್ಬ ತಮ್ಮನ ಜೊತೆ ಹೊರಟ. ಸುಮಾರು ಎರಡು ತಿಂಗಳು ಇದ್ದ ಅಷ್ಟೇ. ಬಯಲು ಸೀಮೆ, ಎತ್ತ ನೋಡಿದ್ರೂ ಆಕಾಶ, ಅದರ ಮಧ್ಯೆ ದಪ್ಪ ಬಟ್ಟೆ ಹೊದ್ದ ರೈತರು, ರಸ್ತೆ ಬದಿ ಭಿಕ್ಷುಕರು. ಪುಸ್ತಕದ ಮೇಲೆ ಪುಸ್ತಕ ಸ್ಕೆಚ್ ಮಾಡ್ಕೊಂಡು ವಾಪಸ್ ಬಂದ, ಬಂದೋನು ಬೇರೆ ಮನುಷ್ಯ.

ಈ ಸ್ಲೈಡ್ ನೋಡಿ. ಬಟ್ಟಲು ಹಿಡಿದ ರಷ್ಯನ್ ಭಿಕ್ಷುಕಿ, ಅದೇ 1906ರದ್ದು. ಹೆಂಗಸು ನೆಲದ ಮೇಲೆ ಕೂತಿದಾಳೆ, ತಲೆಯಿಂದ ಕಾಲಿನವರೆಗೆ ಒಂದೇ ಬಟ್ಟೆ. ಮೈ ಎಲ್ಲಿದೆ ಅಂತ ಹುಡುಕಿ, ಸಿಗಲ್ಲ. ಸೊಂಟ ಇಲ್ಲ, ಭುಜ ಇಲ್ಲ, ಇಡೀ ದೇಹ ಒಂದು ಮುದ್ದೆ, ಆ ಮುದ್ದೆಯಿಂದ ಹೊರಗೆ ಚಾಚಿರೋ ಕೈ. ಅಕಾಡೆಮಿಯಲ್ಲಿ ಅಷ್ಟು ವರ್ಷ ಬರೀ ಮೈಯ ಮಾಂಸಖಂಡ ಕಲಿತೋನು ಅದನ್ನೆಲ್ಲಾ ಕಂಬಳಿ ಒಳಗೆ ಮುಚ್ಚಿಬಿಟ್ಟ! ಇಲ್ಲಿಂದ ಸಾಯೋವರೆಗೂ ಅವನ ಗ್ರಾಮರ್ ಇದೇ: ಬಟ್ಟೆ ಅನ್ನೋದು ಗೋಡೆ, ಆ ಗೋಡೆಯಿಂದ ಆಚೆ ಬರೋದು ಮುಖ, ಕೈ, ಕಾಲು ಮಾತ್ರ. ಮರ ಕೆತ್ತೋರಿಗೆ ಇದು ಬೇಗ ಅರ್ಥ ಆಗುತ್ತೆ. ದಿಮ್ಮಿ ಒಳಗೇ ಇರೋ ಹಾಗೆ ಕೆತ್ತಿದ್ರೆ ಮೂರ್ತಿ ಗಟ್ಟಿ, ಬೆರಳನ್ನ ಆಚೆ ಚಾಚಿಸೋಕೆ ಹೋದ್ರೆ ಎಳೆ ಹಿಡಿದು ಸೀಳ್ಕೊಳುತ್ತೆ. ಇವನು ಮುಂದೆ ಮರಕ್ಕೆ ಅಂಟ್ಕೊಂಡಿದ್ದು ಅದಕ್ಕೇ ಅಂತ ನನ್ನ ಅನಿಸಿಕೆ. ಉಳಿ ಗುರುತನ್ನೂ ಉಜ್ಜಿ ತೆಗೀತಿರಲಿಲ್ಲ, ಹತ್ತಿರ ಹೋಗಿ ನೋಡಿದ್ರೆ ಒಂದೊಂದು ಏಟೂ ಎಣಿಸ್ಬಹುದು.

ಅದೇ ವರ್ಷ ಆಗಸ್ಟಲ್ಲಿ ಮಗ ಹುಟ್ಟಿದ, ಮದುವೆ ಆಗಿರಲಿಲ್ಲ. ಮಗು ನನಗೇ ಬೇಕು ಅಂತ ಎರಡು ವರ್ಷ ಗುದ್ದಾಡಿ ತಾನೇ ತಂದ್ಕೊಂಡ. ಬರ್ಲಿನ್‌ನಲ್ಲಿ ಪಾಲ್ ಕ್ಯಾಸಿರರ್ ಅಂತ ದೊಡ್ಡ ಆರ್ಟ್ ಡೀಲರ್, ಅವನು ಇವನ ಕೈ ಹಿಡಿದ: ತಿಂಗಳು ತಿಂಗಳು ದುಡ್ಡು ಕೊಡ್ತೀನಿ, ಮಾಡಿದ್ದೆಲ್ಲ ನನಗೆ ಕೊಡು. ಆ ಧೈರ್ಯದ ಮೇಲೆ 1910ರಲ್ಲಿ ತಾಯಿ ಮಗನ್ನ ಕಟ್ಕೊಂಡು ಮೆಕ್ಲೆನ್‌ಬುರ್ಗ್ ಸೀಮೆಯ ಗ್ಯೂಸ್ಟ್ರೋ ಅನ್ನೋ ಸಣ್ಣ ಊರು ಸೇರಿದ. ಬರ್ಲಿನ್ ಸಹವಾಸ ಸಾಕಾಗಿತ್ತು. ಅಲ್ಲೇ 28 ವರ್ಷ. ನಾಟಕಾನೂ ಬರೀತಿದ್ದ, ಸುಮ್ನೆ ಹವ್ಯಾಸಕ್ಕಲ್ಲ, 1924ರಲ್ಲಿ ಕ್ಲೈಸ್ಟ್ ಪ್ರೈಜ್ ಅಂತ ಜರ್ಮನಿಯ ದೊಡ್ಡ ಸಾಹಿತ್ಯ ಪ್ರಶಸ್ತಿ ಬಂತು.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತ ಬಂದಿರೋ ವಿಷಯ. 1914, ಯುದ್ಧ ಶುರು. ನಮ್ಮ ಬಾರ್ಲಾಖ್ ಎಲ್ಲರ ಥರಾನೇ ಕುಣಿದಾಡ್ಬಿಟ್ಟ. ಇದನ್ನ ಮುಚ್ಚಿಡೋದು ಬೇಡ, ಶಾಂತಿದೂತ ಅಂತ ಇವನ ಬಗ್ಗೆ ಬರೆಯೋರು ಈ ಭಾಗ ಹಾರಿಸಿಬಿಡ್ತಾರೆ. ಯುದ್ಧದ ಪರವಾಗಿ ಕ್ಯಾಸಿರರ್ ತರ್ತಿದ್ದ ಪತ್ರಿಕೆಗೆ ಚಿತ್ರ ಬರೆದ, ಒಂದರ ಹೆಸರೇ ‘ಪವಿತ್ರ ಯುದ್ಧ’. ಅದೇ ಆಕೃತೀನ ಮೂರ್ತೀನೂ ಮಾಡಿದ, ‘ಸೇಡು ತೀರಿಸೋನು’ ಅಂತ. ಒಬ್ಬ ಮನುಷ್ಯ ಉದ್ದದ ನಿಲುವಂಗಿ ಹಾಕ್ಕೊಂಡು ಎರಡೂ ಕೈಯಲ್ಲಿ ಕತ್ತಿ ಎತ್ತಿ ತಲೆ ಹಿಂದಕ್ಕೆ ಬೀಸ್ಕೊಂಡು ಮುಂದಕ್ಕೆ ನುಗ್ತಿದಾನೆ, ಎಷ್ಟು ವೇಗ ಅಂದ್ರೆ ಮೈಯೆಲ್ಲಾ ನೆಲಕ್ಕೆ ಅಡ್ಡಡ್ಡ ಆಗಿಹೋಗಿದೆ, ಕೆಳಗಿರೋ ಪೀಠ ಬಿಟ್ರೆ ಹಾರಿಹೋಗ್ತಾನೆ. ಅದ್ಭುತವಾದ ಮೂರ್ತಿ, ಅದೇ ಅದರ ತೊಂದರೆ. 1924ರಲ್ಲಿ ಕೊಲೋನ್‌ನಲ್ಲಿ ಬಾರ್ಲಾಖ್‌ನ ಇನ್ನೊಂದು ಮೂರ್ತಿ, ‘ಬೆರ್ಸೆರ್ಕರ್’ ಅಂತ, ಅದನ್ನ ನೋಡಿ ಮಾರುಹೋಗಿ ಡೈರಿಯಲ್ಲಿ ಬರ್ಕೊಂಡ ಒಬ್ಬ ನಿರುದ್ಯೋಗಿ ಯುವಕ ಇದ್ದ, ಹೆಸರು ಯೋಸೆಫ್ ಗೋಬೆಲ್ಸ್. ಹೌದು, ಅದೇ ಗೋಬೆಲ್ಸ್, ಮುಂದೆ ಹಿಟ್ಲರ್‌ನ ಪ್ರಚಾರ ಮಂತ್ರಿ ಆದೋನು.

1915ರ ಕೊನೇಲಿ 45 ವರ್ಷದ ಬಾರ್ಲಾಖ್‌ನನ್ನೇ ಸೈನ್ಯಕ್ಕೆ ಎಳ್ಕೊಂಡ್ರು. ಯುದ್ಧಭೂಮಿಗೆ ಹೋಗ್ಲಿಲ್ಲ, ಸೋಂಡರ್‌ಬುರ್ಗ್‌ನಲ್ಲಿ ಸುಮಾರು ಮೂರು ತಿಂಗಳು ಕವಾಯತು, ಹಾರ್ಟ್ ತೊಂದರೆ ಅಂತ ಬಿಟ್ಟು ಕಳಿಸಿದ್ರು. ಆದ್ರೆ ಅಷ್ಟರಲ್ಲಿ ಅಮಲು ಇಳಿದಿತ್ತು. ಊರಿಗೆ ಬಂದ್ರೆ ಸತ್ತೋರ ಪಟ್ಟಿ, ಕುಂಟ್ಕೊಂಡು ಬಂದೋರು, ಮಗನ್ನ ಕಳ್ಕೊಂಡ ತಾಯಂದಿರು.

ಈಗ ಎರಡು ಸ್ಲೈಡ್ ಪಕ್ಕ ಪಕ್ಕ ಹಾಕ್ತೀನಿ. ಎಡಗಡೆ 1914ರ ‘ಸೇಡು ತೀರಿಸೋನು’, ಬಲಗಡೆ 1927ರದ್ದು, ನಾನು ಮೊದಲು ಹೇಳಿದ ಆ ಏಂಜೆಲ್. ಎರಡೂ ಅಡ್ಡಡ್ಡ ಚಾಚಿರೋ ದೇಹ, ಎರಡಕ್ಕೂ ಅದೇ ನೆರಿಗೆಯ ನಿಲುವಂಗಿ. ಒಬ್ಬ ನುಗ್ತಿದಾನೆ, ಇನ್ನೊಬ್ಬ ನಿಂತುಬಿಟ್ಟಿದಾನೆ, ಗಾಳೀಲೇ ನಿಂತಿದಾನೆ. ಕತ್ತಿ ಎತ್ತಿದ್ದ ಕೈ ಮಡಚಿ ಎದೆಗೆ ಬಂದಿದೆ, ದಿಟ್ಟಿಸ್ತಿದ್ದ ಕಣ್ಣು ಮುಚ್ಚಿದೆ. ಬಾರ್ಲಾಖ್ ಇದನ್ನ ಬೇಕಂತಲೇ ಮಾಡಿದ ಅಂತ ನಾನು ಹೇಳ್ತಿಲ್ಲ, ಆದ್ರೆ ಒಂದು ಸಲ ಪಕ್ಕ ಪಕ್ಕ ನೋಡಿದ್ಮೇಲೆ ನನಗೆ ಬೇರೆ ಬೇರೆ ಮಾಡಿ ನೋಡೋಕೇ ಆಗಿಲ್ಲ. ಹದಿಮೂರು ವರ್ಷ ಬೇಕಾಯ್ತು ಅವನಿಗೆ ಆ ಕತ್ತಿ ಕೆಳಗಿಡೋಕೆ.

ಗ್ಯೂಸ್ಟ್ರೋದ ದೊಡ್ಡ ಚರ್ಚಿಗೆ 1926ರಲ್ಲಿ 700 ವರ್ಷ, ಆ ನೆಪದಲ್ಲಿ ಯುದ್ಧದಲ್ಲಿ ಸತ್ತ ಊರಿನೋರಿಗೆ ಒಂದು ಸ್ಮಾರಕ ಮಾಡ್ಬೇಕು ಅಂತ ಆಯ್ತು, ಇವನು ಕೂಲಿ ತಗೊಳ್ಳದೆ ಮಾಡ್ಕೊಟ್ಟ. ಆಗಿನ ಜರ್ಮನಿಯಲ್ಲಿ ಯುದ್ಧ ಸ್ಮಾರಕ ಅಂದ್ರೆ ಎದೆಯುಬ್ಬಿಸಿದ ಸೈನಿಕ, ಹದ್ದು, ಕಬ್ಬಿಣದ ಟೋಪಿ. ಇವನು ತಂದು ತೂಗಿಬಿಟ್ಟಿದ್ದು ಈ ಏಂಜೆಲ್‌ನ. ಜೊತೆಗೆ ಇಸವಿ ಅಷ್ಟೇ, 1914–1918. ಆ ಮುಖ ಇದ್ಯಲ್ಲ, ಅದು ಕೇಟೆ ಕೋಲ್‌ವಿಟ್ಸ್ ಮುಖ. ಬರ್ಲಿನ್ನಿನ ಕಲಾವಿದೆ, ಇವನ ಗೆಳತಿ, ಅವರ ಚಿಕ್ಕ ಮಗ ಪೀಟರ್ 1914ರ ಅಕ್ಟೋಬರಲ್ಲೇ ಬೆಲ್ಜಿಯಂನಲ್ಲಿ ಯುದ್ಧದಲ್ಲಿ ಸತ್ತಿದ್ದ. ಬಾರ್ಲಾಖ್ ಏನಂದ ಅಂದ್ರೆ, ನಾನು ಆ ಮುಖ ಮಾಡೋಕೆ ಹೊರಟಿರಲಿಲ್ಲ, ಅದಾಗೇ ಬಂದು ಸೇರ್ಕೊಂತು, ಬೇಕು ಅಂತ ಮಾಡಿದ್ರೆ ಪ್ರಾಯಶಃ ಕೆಟ್ಟೋಗ್ತಿತ್ತು ಅನ್ನೋ ಥರ.

ಇದಾದ್ಮೇಲೆ ಊರೂರಿಂದ ಕರೆ ಬಂತು. 1928ರಲ್ಲಿ ಕೀಲ್, 1931ರಲ್ಲಿ ಹ್ಯಾಂಬರ್ಗ್. 1929ರಲ್ಲಿ ಮಾಗ್ಡೆಬುರ್ಗ್ ಚರ್ಚಿಗೆ ಮಾಡಿದ್ದನ್ನ ಮಾತ್ರ ಸ್ವಲ್ಪ ಹತ್ತಿರದಿಂದ ನೋಡೋಣ. ಓಕ್ ಮರ, ಆರು ಜನ. ಮೇಲೆ ಮೂರು ಸೈನಿಕರು ಶಿಲುಬೆಯ ಸುತ್ತ ನಿಂತಿದಾರೆ, ಯಾರ ಮುಖದಲ್ಲೂ ಗೆಲುವಿಲ್ಲ, ಸುಸ್ತಾಗಿದಾರೆ. ಕೆಳಗೆ ಮೂರು ಜನ ಸೊಂಟದ ತನಕ ನೆಲದಲ್ಲಿ ಹೂತುಹೋದಂಗೆ ಇದಾರೆ: ಒಂದು ಕಡೆ ಮುಸುಕು ಹಾಕ್ಕೊಂಡು ಕೈ ಕೈ ಹಿಸುಕ್ತಿರೋ ಹೆಂಗಸು, ಇನ್ನೊಂದು ಕಡೆ ತಲೆ ಹಿಡ್ಕೊಂಡಿರೋ ಗಂಡಸು, ಅವನ ಎದೆ ಮೇಲೆ ಗ್ಯಾಸ್ ಮಾಸ್ಕು, ನಡುವೆ ಹೆಲ್ಮೆಟ್ ಹಾಕಿದ ಅಸ್ಥಿಪಂಜರ. ಇದನ್ನ ದೇವರ ಪೂಜೆಗೆ ಬಂದೋರ ಎದುರಿಗೆ ಇಟ್ರೆ ಸುಮ್ನಿರ್ತಾರಾ? ನಮ್ಮ ಹುಡುಗರು ವೀರರಂಗೆ ಸತ್ತಿದ್ದು, ಇದೇನು ಹುಚ್ಚರ ಸಂತೆ ಅಂತ ಕೂಗಾಡಿದ್ರು. 1934ರಲ್ಲಿ ಹೊರಗೆ ಹಾಕಿದ್ರು.

ಅಷ್ಟೊತ್ತಿಗೆ ಹಿಟ್ಲರ್ ಬಂದಾಗಿತ್ತು. ಬಾರ್ಲಾಖ್ ಯಹೂದಿ ಅಂದ್ರು, ಬೋಲ್ಶೆವಿಕ್ ಅಂದ್ರು, ಎರಡೂ ಅಲ್ಲ ಅವನು. ಮೂರ್ತಿಗಳ ಮುಖ ಜರ್ಮನ್ ಥರ ಇಲ್ಲ, ಸ್ಲಾವ್ ಥರ ಇದೆ ಅನ್ನೋದು ಇನ್ನೊಂದು ತಕರಾರು, 1906ರ ಆ ಭಿಕ್ಷುಕರು ಇಲ್ಲಿವರೆಗೂ ಹಿಂದೆ ಬಂದಿದ್ರು ನೋಡಿ. ಹಿಟ್ಲರ್ ಅಧಿಕಾರಕ್ಕೆ ಬರೋ ಒಂದು ವಾರ ಮುಂಚೆ ರೇಡಿಯೋದಲ್ಲಿ ಎದುರು ಮಾತಾಡಿದ್ದ ಈ ಮನುಷ್ಯ, 1934ರ ಆಗಸ್ಟಲ್ಲಿ ಹಿಟ್ಲರ್‌ಗೆ ಬೆಂಬಲ ಕೊಡೋ ಕಲಾವಿದರ ಹೇಳಿಕೆಗೆ ಸೈನ್ ಕೂಡ ಹಾಕಿದ. ಭಯ ಇರ್ಬಹುದು, ಕೆಲಸ ಮಾಡೋಕೆ ಬಿಡ್ತಾರೇನೋ ಅನ್ನೋ ಆಸೆ ಇರ್ಬಹುದು. ನಾನು ಅವನ ಜಾಗದಲ್ಲಿ ಇದ್ದಿದ್ರೆ ಹಾಕ್ತಿರಲಿಲ್ಲ ಅಂತ ಇಲ್ಲಿ ಎಸಿ ಹಾಲಲ್ಲಿ ನಿಂತು ಹೇಳೋ ಧೈರ್ಯ ನನಗಿಲ್ಲ, ಹಾಗಂತ ಅದು ಸರಿ ಅಂತಾನೂ ಹೇಳಲ್ಲ.

ಸೈನ್ ಹಾಕಿದ್ದರಿಂದ ಏನೂ ಆಗ್ಲಿಲ್ಲ. 1936ರಲ್ಲಿ ಚಿತ್ರಗಳ ಪುಸ್ತಕ ಜಪ್ತಿ. 1937ರಲ್ಲಿ ಮ್ಯೂಸಿಯಂಗಳಿಂದ ಇವನ ನೂರಾರು ಕೃತಿ ಎತ್ಕೊಂಡು ಹೋದ್ರು, ಮ್ಯೂನಿಕ್‌ನಲ್ಲಿ ‘ಕೆಟ್ಟುಹೋದ ಕಲೆ’ ಅಂತ ಒಂದು ಎಕ್ಸಿಬಿಷನ್ ಮಾಡಿ ಕ್ರಿಸ್ತ ಮತ್ತು ಥಾಮಸ್ ಅಪ್ಪಿಕೊಂಡಿರೋ ಮೂರ್ತಿನ ನಗೆಪಾಟಲಿಗೆ ಇಟ್ರು. ಅದೇ ವರ್ಷ ಆಗಸ್ಟಲ್ಲಿ ಗ್ಯೂಸ್ಟ್ರೋದ ಏಂಜೆಲ್‌ನನ್ನೂ ಇಳಿಸಿದ್ರು. ಆಮೇಲೆ ಕರಗಿಸಿಬಿಟ್ರು, ಯುದ್ಧದ ಸಾಮಾನಿಗೆ. ಯುದ್ಧದಲ್ಲಿ ಸತ್ತೋರಿಗೆ ಅಂತ ಎರಕ ಹೊಯ್ದ ಕಂಚು ಇನ್ನೊಂದು ಯುದ್ಧಕ್ಕೆ ಹೋಯ್ತು.

ಹಂಗಾದ್ರೆ ನಾನು ಕೊಲೋನಲ್ಲಿ ನೋಡಿದ್ದೇನು? ಎರಕದ ಅಚ್ಚು ಬರ್ಲಿನ್‌ನಲ್ಲಿ ಉಳಿದಿತ್ತು. ಸ್ನೇಹಿತರು ಗುಟ್ಟಾಗಿ ಅದರಿಂದ ಎರಡನೇ ಸಲ ಎರಕ ಹೊಯ್ಸಿ, ಲ್ಯೂನೆಬುರ್ಗ್ ಬಯಲಿನ ಒಂದು ಹಳ್ಳೀಲಿ ಬಚ್ಚಿಟ್ರು. ಸಿಕ್ಕಿಬಿದ್ದಿದ್ರೆ ಗತಿ ಏನು ಅಂತ ಯೋಚನೆ ಮಾಡಿ! ಮೂಲ ಅಚ್ಚು ಬಾಂಬ್ ದಾಳೀಲಿ ಹೋಯ್ತು. ಯುದ್ಧ ಮುಗಿದ್ಮೇಲೆ ಬಚ್ಚಿಟ್ಟಿದ್ದನ್ನ 1952ರಲ್ಲಿ ಕೊಲೋನ್ ಚರ್ಚಲ್ಲಿ ತೂಗಿಹಾಕಿದ್ರು. ಆಗ ದೇಶ ಎರಡಾಗಿತ್ತು, ಕೊಲೋನ್ ಪಶ್ಚಿಮದಲ್ಲಿ, ಗ್ಯೂಸ್ಟ್ರೋ ಪೂರ್ವದಲ್ಲಿ. ಆದ್ರೂ ಕೊಲೋನಿನ ಮೂರ್ತಿಯಿಂದಲೇ ಹೊಸ ಅಚ್ಚು ತೆಗೆದು ಮೂರನೇದನ್ನ ಮಾಡಿಸಿ, 1953ರಲ್ಲಿ ಗ್ಯೂಸ್ಟ್ರೋದ ಅದೇ ಚರ್ಚಿಗೆ ವಾಪಸ್ ತಂದ್ರು. 1981ರ ಡಿಸೆಂಬರಲ್ಲಿ ಪಶ್ಚಿಮದ ಚಾನ್ಸಲರ್ ಹೆಲ್ಮುಟ್ ಸ್ಮಿಟ್ ಇದನ್ನ ನೋಡಬೇಕು ಅಂತ ಗ್ಯೂಸ್ಟ್ರೋಗೆ ಬಂದಾಗ ಊರು ತುಂಬಾ ಪೂರ್ವದ ಗುಪ್ತ ಪೊಲೀಸರು, ಜನ ಕಿಟಕಿಯಿಂದ ಇಣುಕೋಕೂ ಬಿಡ್ಲಿಲ್ಲ. ಮಾಗ್ಡೆಬುರ್ಗ್ ಮರದ ಸ್ಮಾರಕಾನೂ ಬದುಕಿ ವಾಪಸ್ ಬಂತು, 1989ರಲ್ಲಿ ಸರ್ಕಾರದ ವಿರುದ್ಧ ಜನ ಪ್ರಾರ್ಥನೆಗೆ ಅಂತ ಸೇರೋಕೆ ಶುರು ಮಾಡಿದ್ದು ಅದರ ಮುಂದೇನೇ.

ಇದ್ಯಾವುದನ್ನೂ ಬಾರ್ಲಾಖ್ ನೋಡ್ಲಿಲ್ಲ. ಕೊನೇ ವರ್ಷಗಳಲ್ಲಿ ಹೆರ್ಮನ್ ರೇಮ್ಟ್ಸ್ಮಾ ಅಂತ ಹ್ಯಾಂಬರ್ಗ್‌ನ ಸಿಗರೇಟ್ ಫ್ಯಾಕ್ಟರಿಯೋನು ಸ್ಟುಡಿಯೋಗೆ ಬಂದು, ಅರ್ಧಕ್ಕೆ ನಿಂತಿದ್ದ ಒಂದು ಕೆಲಸ ಮುಗಿಸ್ಕೊಡಿ ನಾನು ತಗೋತೀನಿ ಅಂದ. ‘ಆಲಿಸುವವರು’, ಓಕ್‌ನಲ್ಲಿ ಒಂಬತ್ತು ಜನ ಸಾಲಾಗಿ, ಕುರುಡ, ಅಲೆಮಾರಿ, ಕನಸು ಕಾಣೋಳು, ಕಾಯ್ತಿರೋಳು. 1935ರಲ್ಲಿ ಮುಗೀತು, ಈಗ ಹ್ಯಾಂಬರ್ಗ್‌ನ ಬಾರ್ಲಾಖ್ ಮನೆಯಲ್ಲಿದೆ. ಆ ಹೊತ್ತಲ್ಲಿ ಇವನ ಹತ್ರ ಕೊಳ್ಳೋದು ಅಂದ್ರೆ ಅದಕ್ಕೆ ಗುಂಡಿಗೆ ಬೇಕಿತ್ತು.

1938ರ ಅಕ್ಟೋಬರ್ 24, ರೋಸ್ಟಾಕ್‌ನ ಆಸ್ಪತ್ರೇಲಿ ತೀರ್ಕೊಂಡ. 68 ವರ್ಷ. ಹೂಳಿದ್ದು ಚಿಕ್ಕಂದಿನಲ್ಲಿ ಆಡಿದ ರಾಟ್ಸೆಬುರ್ಗ್‌ನಲ್ಲಿ. ಅದಕ್ಕೆ ಮುಂಚೆ ಗ್ಯೂಸ್ಟ್ರೋದ ಸ್ಟುಡಿಯೋದಲ್ಲಿ ಶವ ಇಟ್ಟಿದ್ದಾಗ ಕೇಟೆ ಕೋಲ್‌ವಿಟ್ಸ್ ಬಂದ್ರು, 71 ವರ್ಷ ಅವರಿಗೆ, ನಿಂತ್ಕೊಂಡು ಅವನ ಮುಖ ಬರ್ಕೊಂಡ್ರು.

ಲೈಟ್ ಹಾಕ್ಬೇಡಿ, ಇನ್ನೊಂದೇ ಸ್ಲೈಡ್. ಇದು ಬಾರ್ಲಾಖ್‌ದಲ್ಲ. ಅವನು ಹೋದ್ಮೇಲೆ ಕೋಲ್‌ವಿಟ್ಸ್ ಮಾಡಿದ ಸಣ್ಣ ಕಂಚು, ‘ಗೋಳು’ ಅಂತ ಹೆಸರು, ಮುಖದಷ್ಟೇ ಅಗಲ. ಅವರದೇ ಮುಖ. ಒಂದು ಅಂಗೈ ಅರ್ಧ ಮುಖ ಮುಚ್ಚಿದೆ, ಇನ್ನೊಂದು ಕೈ ಗದ್ದದ ಕೆಳಗೆ. ಕಾಣೋ ಆ ಒಂದು ಕಣ್ಣು ನೋಡಿ, ಮುಚ್ಚಿದೆ, ಬಾಯಿ ನೋಡಿ. ಏಂಜೆಲ್ ಮುಖದ ಸ್ಲೈಡ್ ಇನ್ನೊಂದ್ಸಲ ಹಾಕ್ತೀನಿ ತಡೀರಿ... ಹಾಂ, ಇದು.

ಕಾಫಿ ಹೊರಗಡೆ ಇಟ್ಟಿದಾರೆ, ಪ್ರಶ್ನೆ ಇದ್ದೋರು ಇಲ್ಲೇ ಇರಿ, ಇದನ್ನ ಹಿಂಗೇ ಪರದೆ ಮೇಲೆ ಬಿಟ್ಟಿರ್ತೀನಿ.