ಟೋಪಿ ಇಟ್ಟುಕೊಂಡ ಅಮ್ಮ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕಾದದ್ದು ಕೊರಿಯಾದ ಹಳೆಯ ಕಾಲದ ಸಿನಿಮಾ ನಟಿ ಚೋಯ್ ಉನ್-ಹೀ ಬಗ್ಗೆ. ಈ ಹೆಸರು ಹೇಳಿದರೆ ಸಾಕು, ಅಲ್ಪಸ್ವಲ್ಪ ಗೊತ್ತಿರುವವರು ಕೇಳುವುದು ಒಂದೇ ಪ್ರಶ್ನೆ. “ಉತ್ತರ ಕೊರಿಯಾದವರು ಎತ್ತಿಕೊಂಡು ಹೋದರಲ್ಲ, ಅವರೇ ಅಲ್ವಾ?” ಹೌದು, ಅವರೇ. ಒಮ್ಮೆ ನಾನು ಅವರ ಒಂದು ಸಿನಿಮಾ ಪೂರ್ತಿ ತೋರಿಸಿ, ಲೈಟು ಹಾಕಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ. ಮೊದಲು ಎದ್ದು ನಿಂತವರು ಆಗಷ್ಟೇ ನೋಡಿದ ಸಿನಿಮಾದ ಬಗ್ಗೆ ಒಂದಕ್ಷರ ಆಡಲಿಲ್ಲ. ದೋಣಿಯಲ್ಲಿ ಎಷ್ಟು ದಿನ ಇಟ್ಟಿದ್ದರು ಅಂತ ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಚೋಯ್ ಉನ್-ಹೀ ನಟಿ. ಅಪಹರಣ ಅವರ ಮೇಲೆ ಬಂದು ಬಿದ್ದದ್ದು, ನಟನೆ ಅವರು ಮಾಡಿದ ಕೆಲಸ. ದಯವಿಟ್ಟು ಕೆಲಸ ನೋಡಿ.

ಹುಟ್ಟಿದ್ದು 1926ರಲ್ಲಿ. ಆಗ ಕೊರಿಯಾ ಜಪಾನಿನ ಕೈಯಲ್ಲಿತ್ತು. ಚಿಕ್ಕ ವಯಸ್ಸಿನಲ್ಲೇ ನಾಟಕ ಸೇರಿದರು. ಜಪಾನಿನ ಆಳ್ವಿಕೆ ಮುಗಿದ ಮೇಲೆ, 1947ರಲ್ಲಿ ಮೊದಲ ಸಿನಿಮಾ. ಆಮೇಲೆ ಉತ್ತರ-ದಕ್ಷಿಣ ಕೊರಿಯಾಗಳ ಯುದ್ಧ. 1954ರಲ್ಲಿ ನಿರ್ದೇಶಕ ಶಿನ್ ಸಾಂಗ್-ಓಕ್ ಅವರನ್ನು ಮದುವೆಯಾದರು. ಅಲ್ಲಿಂದ ಇಪ್ಪತ್ತು ವರ್ಷ ಗಂಡ ಕ್ಯಾಮೆರಾ ಹಿಂದೆ, ಹೆಂಡತಿ ಮುಂದೆ. ಒಟ್ಟು ನೂರಕ್ಕೂ ಹೆಚ್ಚು ಸಿನಿಮಾ ಮಾಡಿದರು.

ಈಗ ನನಗೆ ತುಂಬ ಇಷ್ಟವಾದ ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ, ತಾಳ್ಮೆಯಿರಲಿ.

ಕೊರಿಯಾದಲ್ಲಿ ಚುನ್‌ಹ್ಯಾಂಗ್ ಎಂಬ ಹುಡುಗಿಯ ಕಥೆಯಿದೆ. ಎಲ್ಲರಿಗೂ ಬಾಯಿಪಾಠ. ಪಾನ್ಸೋರಿ ಅಂತ ಒಂದು ಕಲೆ, ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಡೋಲು ಬಾರಿಸುತ್ತಾರೆ. ನಮ್ಮ ಹರಿಕಥೆ ಕೇಳಿದವರಿಗೆ ಸುಲಭವಾಗಿ ಅರ್ಥವಾದೀತು. ಅದರಲ್ಲಿ ಈ ಕಥೆಯನ್ನು ಗಂಟೆಗಟ್ಟಲೆ ಹಾಡುತ್ತಾರೆ. ಚುನ್‌ಹ್ಯಾಂಗ್ ಕಲಾವಂತೆಯ ಮಗಳು. ಅಧಿಕಾರಿಯ ಮಗನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಹುಡುಗ ರಾಜಧಾನಿಗೆ ಹೋಗುತ್ತಾನೆ. ಹೊಸದಾಗಿ ಬಂದ ಅಧಿಕಾರಿಗೆ ಇವಳ ಮೇಲೆ ಕಣ್ಣು. ಆಗಲ್ಲ ಅನ್ನುತ್ತಾಳೆ. ಹೊಡೆಸುತ್ತಾನೆ. ಹಾಡಿನಲ್ಲಿ ಒಂದೊಂದು ಏಟಿಗೂ ಅವಳು ಒಂದೊಂದು ಉತ್ತರ ಕೊಡುತ್ತಾಳೆ. ಕೊನೆಗೆ ಗಂಡ ಭಿಕ್ಷುಕನ ವೇಷದಲ್ಲಿ ಬರುತ್ತಾನೆ. ಅವನೀಗ ರಾಜನೇ ಕಳಿಸಿದ ಗುಪ್ತ ತನಿಖಾಧಿಕಾರಿ. ಮುಂದಿನದು ನೀವೇ ಊಹಿಸಿಕೊಳ್ಳಿ.

1961ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಇದೇ ಕಥೆಯ ಎರಡು ಸಿನಿಮಾ ಬಂದವು. ಎರಡೂ ಬಣ್ಣದವು, ಎರಡೂ ಸಿನಿಮಾಸ್ಕೋಪ್. ಆ ಕಾಲಕ್ಕೆ ಕೊರಿಯಾದಲ್ಲಿ ಅದು ದೊಡ್ಡ ಸುದ್ದಿ. ತಮಾಷೆ ನೋಡಿ, ಎರಡರಲ್ಲೂ ನಿರ್ದೇಶಕನ ಹೆಂಡತಿಯೇ ನಾಯಕಿ. ಒಂದು ಕಡೆ ನಿರ್ದೇಶಕ ಹಾಂಗ್ ಸಂಗ್-ಗಿ, ಅವರ ಹೆಂಡತಿ ಕಿಮ್ ಜಿ-ಮಿ. ಆಕೆಗೆ ಇಪ್ಪತ್ತು ವರ್ಷ, ಚೆಲುವೆ, ಆಗಿನ ತಾರೆ. ಇನ್ನೊಂದು ಕಡೆ ನಮ್ಮ ಚೋಯ್. ವಯಸ್ಸು ಮೂವತ್ತನಾಲ್ಕು. ಕಥೆಯಲ್ಲಿ ಚುನ್‌ಹ್ಯಾಂಗ್‌ಗೆ ಹದಿನಾರು!

ಹದಿನಾರರ ಹುಡುಗಿ ಅಂತ ಮೂವತ್ತನಾಲ್ಕರ ಹೆಂಗಸನ್ನು ಯಾರು ನೋಡುತ್ತಾರೆ? ಲೆಕ್ಕ ಹಾಕಿದರೆ ಹಾಗೇ ಅನಿಸುತ್ತದೆ. ಕಿಮ್ ಜಿ-ಮಿ ಸಿನಿಮಾ ಹತ್ತು ದಿನ ಮೊದಲೇ ತೆರೆ ಕಂಡಿತು. ಮಕಾಡೆ ಮಲಗಿತು. ಆಮೇಲೆ ಚೋಯ್ ಸಿನಿಮಾ ಬಂತು. ಒಂದೇ ಚಿತ್ರಮಂದಿರದಲ್ಲಿ 74 ದಿನ ಓಡಿತು. ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಆಗ ಇಡೀ ಸೋಲ್ ನಗರದ ಜನಸಂಖ್ಯೆಯೇ ಸುಮಾರು 25 ಲಕ್ಷ. ಅಂದರೆ ಏಳು ಜನರಲ್ಲಿ ಒಬ್ಬರು ಅಂತಾಯಿತು.

ಯಾಕೆ ಗೆದ್ದರು? ಬಣ್ಣ ಚೆನ್ನಾಗಿತ್ತು ಅನ್ನುತ್ತಾರೆ ಕೆಲವರು. ಇರಬಹುದು. ನನ್ನ ಉತ್ತರ ಒಂದೇ. ನಟನೆ. ಏಟು ತಿನ್ನುವ ಚುನ್‌ಹ್ಯಾಂಗ್ ಬರಿಯ ಸುಂದರಿಯಾಗಿದ್ದರೆ ಆಗದು, ಅವಳಿಗೆ ಕೆಚ್ಚಿರಬೇಕು. ಕೆಚ್ಚಿಗೆ ವಯಸ್ಸು ಎಲ್ಲಿದೆ?

ಅದೇ 1961ರಲ್ಲಿ ಅವರ ಇನ್ನೊಂದು ಸಿನಿಮಾ ಬಂತು. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹೊರಕೋಣೆಯ ಅತಿಥಿ ಮತ್ತು ಅಮ್ಮ’. ಕಪ್ಪು-ಬಿಳುಪು. ಮನೆ ತುಂಬ ಹೆಂಗಸರು. ಅತ್ತೆ ವಿಧವೆ, ಸೊಸೆ ವಿಧವೆ, ಅಡುಗೆಯವಳೂ ವಿಧವೆ. ಸೊಸೆಗೊಂದು ಪುಟ್ಟ ಮಗಳು. ಕಥೆಯೆಲ್ಲ ಆ ಮಗುವಿನ ಬಾಯಲ್ಲೇ ಬರುತ್ತದೆ. ತೀರಿಕೊಂಡ ಗಂಡನ ಗೆಳೆಯ ಬಂದು ಹೊರಕೋಣೆಯಲ್ಲಿ ಉಳಿದುಕೊಳ್ಳುತ್ತಾನೆ. ಅವನಿಗೆ ಬೇಯಿಸಿದ ಮೊಟ್ಟೆ ಇಷ್ಟ. ಮಗು ಓಡಿಹೋಗಿ ಅಮ್ಮನಿಗೆ ಹೇಳುತ್ತದೆ. ಅವತ್ತಿನಿಂದ ಅಮ್ಮ ಮೊಟ್ಟೆ ಜಾಸ್ತಿ ಕೊಳ್ಳತೊಡಗುತ್ತಾಳೆ. ಅಷ್ಟೇ ಪ್ರೇಮ! ಮಾತಿಲ್ಲ, ಕೈ ಹಿಡಿಯುವುದಿಲ್ಲ. ಮೊಟ್ಟೆ.

ಅದರಲ್ಲಿ ಅವನಿಲ್ಲದಾಗ ಅವಳು ಅವನ ಕೋಣೆಗೆ ಹೋಗುವ ಒಂದು ದೃಶ್ಯವಿದೆ. ಅಲ್ಲಿ ಅವನ ಟೋಪಿ ಇದೆ. ಅದನ್ನು ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಟೋಪಿ ಹಾಕುವುದು ಅಂದರೆ ನಮ್ಮಲ್ಲಿ ಬೇರೆ ಅರ್ಥ ಬಿಡಿ, ಇದು ನಿಜವಾದ ಟೋಪಿ. ಬಿಗಿಯಾಗಿ ಬಾಚಿದ ಕೂದಲು, ಕೊರಿಯಾದ ಸಾಂಪ್ರದಾಯಿಕ ಉಡುಪು, ಮೇಲೆ ಗಂಡಸಿನ ಟೋಪಿ. ಕೆಲವೇ ಕ್ಷಣ. ಆ ಕ್ಷಣದಲ್ಲಿ ಅವಳು ವಿಧವೆಯೂ ಅಲ್ಲ, ತಾಯಿಯೂ ಅಲ್ಲ, ಸೊಸೆಯೂ ಅಲ್ಲ. ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗಲೂ ಗಂಟಲು ಕಟ್ಟುತ್ತದೆ.

ಈ ಸಿನಿಮಾದ ಮೂಲ 1935ರ ಒಂದು ಸಣ್ಣ ಕಥೆ. ಅದರ ಕೊನೆಯಲ್ಲಿ ಅತಿಥಿ ಹೊರಟುಹೋಗಿರುತ್ತಾನೆ. ಮೊಟ್ಟೆ ಮಾರುವವಳು ಬಾಗಿಲಿಗೆ ಬರುತ್ತಾಳೆ. ಇನ್ನು ಬೇಡ, ನಮ್ಮನೆಯಲ್ಲಿ ಮೊಟ್ಟೆ ತಿನ್ನುವವರಿಲ್ಲ ಅನ್ನುತ್ತಾಳೆ ಅಮ್ಮ.

ಇದನ್ನು ನೋಡಿ ಚೋಯ್ ಅಂದರೆ ಯಾವಾಗಲೂ ತಲೆ ತಗ್ಗಿಸಿದ ಸಾಧ್ವಿ ಅಂದುಕೊಂಡೀರಿ. ಮೂರೇ ವರ್ಷ ಹಿಂದೆ, 1958ರಲ್ಲಿ, ‘ನರಕದ ಹೂವು’ ಸಿನಿಮಾದಲ್ಲಿ ಅವರು ಅಮೆರಿಕದ ಸೈನಿಕರ ಶಿಬಿರದ ಸುತ್ತ ಮೈ ಮಾರುವ ಹೆಣ್ಣು. ಅಣ್ಣನ ಜೊತೆ ಇದ್ದುಕೊಂಡೇ ತಮ್ಮನನ್ನು ಬಲೆಗೆ ಹಾಕಿಕೊಳ್ಳುತ್ತಾಳೆ, ಕೊನೆಗೆ ಕೆಸರಿನಲ್ಲಿ ಬಿದ್ದು ಸಾಯುತ್ತಾಳೆ. ಅದೇ ಮುಖ, ಆದರೆ ಗುರುತೇ ಸಿಗುವುದಿಲ್ಲ. 1965ರಲ್ಲಿ ನಿರ್ದೇಶನಕ್ಕೂ ಇಳಿದರು. ಕೊರಿಯಾದಲ್ಲಿ ಸಿನಿಮಾ ನಿರ್ದೇಶಿಸಿದ ಮೂರನೆಯ ಹೆಂಗಸು ಅವರು. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು, ಚುನ್‌ಹ್ಯಾಂಗ್ ನನ್ನ ಸಮಯ ತಿಂದುಬಿಟ್ಟಳು.

ಸರಿ, ನೀವು ಕಾಯುತ್ತಿರುವ ಕಥೆ. ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. 1976ರಲ್ಲಿ ಗಂಡ-ಹೆಂಡತಿ ವಿಚ್ಛೇದನ. 1978ರ ಜನವರಿಯಲ್ಲಿ ಹಾಂಗ್‌ಕಾಂಗ್‌ನಿಂದ ಚೋಯ್ ಅವರನ್ನು ದೋಣಿ ಹತ್ತಿಸಿ, ಉತ್ತರ ಕೊರಿಯಾಕ್ಕೆ ಕರೆದೊಯ್ದರು. ಬಂದರಿನಲ್ಲಿ ಸ್ವಾಗತಕ್ಕೆ ನಿಂತವನು ಕಿಮ್ ಜಾಂಗ್-ಇಲ್, ಅಲ್ಲಿನ ಸರ್ವಾಧಿಕಾರಿಯ ಮಗ, ಮುಂದೆ ತಾನೇ ಆ ದೇಶ ಆಳಿದವನು. ಅವನಿಗೆ ಸಿನಿಮಾ ಹುಚ್ಚು, ಒಳ್ಳೆಯ ಸಿನಿಮಾ ಮಾಡಿಸಬೇಕಿತ್ತು. ಹುಡುಕಿಕೊಂಡು ಹೋದ ಶಿನ್ ಅವರೂ ಸಿಕ್ಕಿಬಿದ್ದರು. ತಪ್ಪಿಸಿಕೊಳ್ಳಲು ನೋಡಿ ಜೈಲು ಕಂಡರು. ಇಬ್ಬರೂ ಮತ್ತೆ ಮುಖ ನೋಡಿದ್ದು 1983ರಲ್ಲಿ, ಒಂದು ಔತಣಕೂಟದಲ್ಲಿ. ಹೊರಗೆ ಯಾರೂ ನಂಬುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಕಿಮ್ ಮಾತನ್ನು ಕದ್ದು ಟೇಪ್ ಮಾಡಿಕೊಂಡರು. 1986ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ, ಟ್ಯಾಕ್ಸಿ ಹತ್ತಿ, ಅಮೆರಿಕದ ರಾಯಭಾರ ಕಚೇರಿಯೊಳಗೆ ನುಗ್ಗಿದರು. ಆಯಿತಲ್ಲ?

ಅದರ ನಡುವೆ ನಡೆದ ಇನ್ನೊಂದು ಸಂಗತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಸೆರೆಯಲ್ಲಿದ್ದಾಗಲೇ ಅವರು ‘ಉಪ್ಪು’ ಎಂಬ ಸಿನಿಮಾ ಮಾಡಿದರು. ಹೊಟ್ಟೆಪಾಡಿಗೆ ಕದ್ದು ಉಪ್ಪು ಸಾಗಿಸುವ ಒಬ್ಬ ಬಡ ತಾಯಿಯ ಪಾತ್ರ. 1985ರ ಮಾಸ್ಕೋ ಚಿತ್ರೋತ್ಸವದಲ್ಲಿ ಅವರಿಗೆ ಉತ್ತಮ ನಟಿ ಪ್ರಶಸ್ತಿ ಬಂತು. ಬಲವಂತವಾಗಿ ಕರೆದೊಯ್ದವರ ಸಿನಿಮಾದಲ್ಲಿ ಬೇಕಾಬಿಟ್ಟಿ ನಟಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರಿಗೆ ಅದು ಬರುತ್ತಿರಲಿಲ್ಲ. 1999ರಲ್ಲಿ ದಕ್ಷಿಣ ಕೊರಿಯಾಕ್ಕೆ ಮರಳಿದರು. 2018ರ ಏಪ್ರಿಲ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಮಯವಾಯಿತು. ಆ ಟೋಪಿಯ ಸಿನಿಮಾ ಕೊರಿಯಾದ ಫಿಲ್ಮ್ ಆರ್ಕೈವ್‌ನವರ ಯೂಟ್ಯೂಬ್ ಚಾನೆಲ್‌ನಲ್ಲಿದೆ, ದುಡ್ಡು ಕೊಡಬೇಕಿಲ್ಲ. ಮಾತುಗಳು ಇಂಗ್ಲಿಷಿನಲ್ಲಿ ಕೆಳಗೆ ಬರುತ್ತವೆ. ಮನೆಯಲ್ಲಿ ಮೊಮ್ಮಗಳು ಹೇಗೂ ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡುತ್ತಿರುತ್ತಾಳೆ, ಅಲ್ವಾ? ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ, ಓದಿ ಹೇಳುತ್ತಾಳೆ. ಟೋಪಿ ಬಂದಾಗ ಮಾತ್ರ ಸುಮ್ನಿರಲು ಹೇಳಿ. ಅಲ್ಲಿ ಓದುವುದಕ್ಕೆ ಏನೂ ಇಲ್ಲ.

ನಮಸ್ಕಾರ.