ಎಣ್ಣೆ ಕ್ಯಾನಿನ ಮೇಲೊಂದು ತಾರೀಖು

ಕೇಳುಗರೆಲ್ಲರಿಗೂ ನಮಸ್ಕಾರ.

ತೂಕ ಇಳಿಸುವುದರಲ್ಲಿ ಊಟದ ಪಾಲೆಷ್ಟು, ವ್ಯಾಯಾಮದ ಪಾಲೆಷ್ಟು ಎಂಬ ವಿಷಯವಾಗಿ ಮಾತನಾಡಲು ಆಕಾಶವಾಣಿಯವರು ಕರೆದಿದ್ದಾರೆ. ಸಮಯ ಕಡಿಮೆ ಇದೆ. ಆದ್ದರಿಂದ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತೂಕ ಇಳಿಸುವುದು ಊಟ. ಇಳಿದ ತೂಕವನ್ನು ಕಾಯುವುದು ನಡಿಗೆ. ಈ ಎರಡನ್ನು ಅದಲು ಬದಲು ಮಾಡಿಕೊಂಡಿದ್ದೇವೆ. ಅದಕ್ಕೇ ನಮ್ಮ ದಾವಣಗೆರೆಯಲ್ಲಿ ಬೆಳಗಿನ ಐದೂವರೆಗೆ ಎದ್ದು ವರ್ಷಗಟ್ಟಲೆ ನಡೆದವರ ಹೊಟ್ಟೆಯೂ ಇದ್ದಲ್ಲಿಯೇ ಇದೆ.

ನಾನು ಆಹಾರ ತಜ್ಞೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕುಳಿತ ಕೂಡಲೇ ಕೇಳುವುದು, "ಮೇಡಂ, ದಿನಕ್ಕೆ ಎಷ್ಟು ಹೊತ್ತು ನಡೆಯಬೇಕು?" ಎಂದು. "ಎಷ್ಟು ತಿನ್ನಬೇಕು?" ಎಂದು ಕೇಳುವವರು ಬಲು ಕಡಿಮೆ. ಕಾರಣ ನನಗೆ ಗೊತ್ತು. ನಡಿಗೆ ಒಬ್ಬರೇ ಮಾಡಿ ಮುಗಿಸುವ ಕೆಲಸ. ಊಟ ಬದಲಿಸಬೇಕೆಂದರೆ ಇಡೀ ಮನೆ ಬದಲಾಗಬೇಕು, ಅತ್ತೆ ಒಪ್ಪಬೇಕು, ಮಕ್ಕಳು ಒಪ್ಪಬೇಕು, ಬಂದ ನೆಂಟರು ಬೇಸರಪಟ್ಟುಕೊಳ್ಳಬಾರದು. ಕಷ್ಟವಿದೆ, ಒಪ್ಪುತ್ತೇನೆ. ಆದರೆ ಕಷ್ಟವೆಂದು ಲೆಕ್ಕ ಬದಲಾಗುವುದಿಲ್ಲ.

ಲೆಕ್ಕ ಇಷ್ಟೇ. ಸುಮಾರು 80 ಕಿಲೊ ತೂಕದವರು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 200ರಿಂದ 250 ಕ್ಯಾಲೊರಿ. ಮೈಯಲ್ಲಿರುವ ಒಂದು ಕಿಲೊ ಕೊಬ್ಬು ಕರಗಬೇಕಾದರೆ ಖರ್ಚಾಗಬೇಕಾದದ್ದು ಸುಮಾರು 7,700 ಕ್ಯಾಲೊರಿ. ಅಂದರೆ ಒಂದು ದಿನವೂ ತಪ್ಪಿಸದೆ ತಿಂಗಳು ಪೂರ್ತಿ ನಡೆದರೆ ಒಂದು ಕಿಲೊ. ಅದೂ ಹೊಟ್ಟೆಗೆ ಒಂದು ತುತ್ತು ಹೆಚ್ಚು ಹೋಗದಿದ್ದರೆ ಮಾತ್ರ. ಇನ್ನೊಂದು ಕಡೆ ನೋಡಿ. ಬೆಣ್ಣೆ ದೋಸೆಯ ಮೇಲೆ ಕರಗುತ್ತಾ ಕುಳಿತಿರುವ ಬೆಣ್ಣೆ 15 ಗ್ರಾಂ ಇದ್ದರೆ ಆ ಬೆಣ್ಣೆಯೊಂದರಿಂದಲೇ 100 ಕ್ಯಾಲೊರಿ. ಅದರ ಕೆಳಗಿನ ದೋಸೆ, ಪಕ್ಕದ ಆಲೂಗಡ್ಡೆ ಪಲ್ಯ, ಕೊಬ್ಬರಿ ಚಟ್ನಿ ಬೇರೆ. ನಮ್ಮೂರಿನಲ್ಲಿ ಒಂದೇ ದೋಸೆಗೆ ಎದ್ದು ಬರುವವರು ಕಡಿಮೆ. ಮುಕ್ಕಾಲು ಗಂಟೆ ಬೆವರು ಸುರಿಸಿ ಕಳೆದದ್ದು ಐದು ನಿಮಿಷದಲ್ಲಿ ವಾಪಸ್ ಬಂದಿರುತ್ತದೆ. ಭದ್ರಾ ನಾಲೆಯ ತೂಬು ತೆರೆದಿಟ್ಟು ಗದ್ದೆಯ ನೀರನ್ನು ಚೊಂಬಿನಲ್ಲಿ ಮೊಗೆದು ಚೆಲ್ಲಿದರೆ ಗದ್ದೆ ಒಣಗುತ್ತದೆಯೇ? ಮೊದಲು ತೂಬು ಮುಚ್ಚಬೇಕು.

ಒಬ್ಬರ ವಿಷಯ ಹೇಳುತ್ತೇನೆ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇಟ್ಟಿರುವ ಯಜಮಾನರು, ವಯಸ್ಸು ಐವತ್ತರ ಆಸುಪಾಸು. ಮಡದಿಯನ್ನೂ ಕರೆದುಕೊಂಡು ಬಂದಿದ್ದರು. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಗೆಳೆಯರೊಂದಿಗೆ ತಪ್ಪದೆ ನಡೆಯುತ್ತಾರೆ. ಆರು ತಿಂಗಳಾದರೂ ತೂಕ ಇಳಿದಿಲ್ಲ, ಬದಲಿಗೆ ಎರಡು ಕಿಲೊ ಏರಿದೆ. ಬಹಳ ನೊಂದುಕೊಂಡಿದ್ದರು. ಮೊಬೈಲ್ ತೆಗೆದು ಒಂದೊಂದೇ ದಿನದ್ದು ತೋರಿಸಿದರು: ನಿನ್ನೆ ಎಂಟು ಸಾವಿರ ಹೆಜ್ಜೆ, ಮೊನ್ನೆ ಎಂಟು ಸಾವಿರದ ಇನ್ನೂರು. ಲೆಕ್ಕ ಬರೆಯುವ ಮನುಷ್ಯ, ಎಲ್ಲವೂ ಸ್ವಚ್ಛವಾಗಿತ್ತು. ನಾನು ಅವರ ಮಡದಿಯತ್ತ ತಿರುಗಿ, "ಅಕ್ಕ, ಮನೆಗೆ ತಿಂಗಳಿಗೆ ಎಣ್ಣೆ ಎಷ್ಟು ಬೇಕಾಗುತ್ತದೆ?" ಎಂದು ಕೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಲೆಕ್ಕ ಇಟ್ಟಿಲ್ಲ ಮೇಡಂ. ಐದು ಲೀಟರಿನ ಕ್ಯಾನ್ ತರುತ್ತೇವೆ. ಮುಗಿದ ಮೇಲೆ ಇನ್ನೊಂದು ತರುತ್ತೇವೆ" ಎಂದರು ಆಕೆ. ಹೆಜ್ಜೆಗೆ ಲೆಕ್ಕವಿದೆ, ಎಣ್ಣೆಗೆ ಲೆಕ್ಕವಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ. ಸರಿ, ಹೊಸ ಕ್ಯಾನ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ, ಮುಗಿದ ದಿನ ಬನ್ನಿ ಎಂದು ಹೇಳಿ ಕಳಿಸಿದೆ.

ಆಕೆ ಒಬ್ಬರೇ ಬಂದರು. ವಯರ್ ಬ್ಯಾಗಿನಿಂದ ಖಾಲಿ ಕ್ಯಾನನ್ನೇ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡನ್ನು ಅಂಟಿಸಿ ಅದರ ಮೇಲೆ ಬಾಲ್ ಪೆನ್ನಿನಲ್ಲಿ ತಾರೀಖು ಬರೆದಿದ್ದರು. ಎಣ್ಣೆ ಹತ್ತಿ ಒಂದು ಅಂಕಿ ಅರ್ಧ ಅಳಿಸಿಹೋಗಿತ್ತು. ಕ್ಯಾನ್ ಇಪ್ಪತ್ತು ದಿನಕ್ಕೆ ಮುಗಿದಿತ್ತು. ಮನೆಯಲ್ಲಿ ಗಂಡ, ಹೆಂಡತಿ, ಮಗ, ಅತ್ತೆ, ಒಟ್ಟು ನಾಲ್ಕು ಜನ. ಅಲ್ಲಿಯೇ ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ತಲೆಗೆ ದಿನಕ್ಕೆ 62 ಮಿಲಿಲೀಟರಿಗೂ ಸ್ವಲ್ಪ ಹೆಚ್ಚು, ಅಂದರೆ ಸುಮಾರು 57 ಗ್ರಾಂ ಎಣ್ಣೆ. ಎಣ್ಣೆ ಯಾವುದೇ ಇರಲಿ, ಚಳ್ಳಕೆರೆಯ ಶೇಂಗಾ ಎಣ್ಣೆಯಾಗಲಿ, ಸೂರ್ಯಕಾಂತಿಯಾಗಲಿ, ಗಾಣದ್ದಾಗಲಿ, ಒಂದು ಗ್ರಾಂ ಅಂದರೆ 9 ಕ್ಯಾಲೊರಿ. ಹಾಗಾಗಿ ಒಬ್ಬೊಬ್ಬರ ಹೊಟ್ಟೆಗೆ ಎಣ್ಣೆಯಿಂದಲೇ ದಿನಕ್ಕೆ 500 ಕ್ಯಾಲೊರಿಗೂ ಹೆಚ್ಚು. ಕುಳಿತು ಕೆಲಸ ಮಾಡುವವರಿಗೆ ಇದರ ಅರ್ಧವೇ ಸಾಕು. ಹೆಚ್ಚಾಗಿ ಹೋಗುತ್ತಿದ್ದ ಅರ್ಧಕ್ಕೂ ಯಜಮಾನರು ಕೆರೆ ಏರಿಯ ಮೇಲೆ ಖರ್ಚು ಮಾಡುತ್ತಿದ್ದದ್ದಕ್ಕೂ ಸರಿಸಮ. ಆಕೆ ಚೀಟಿಯನ್ನು ನೋಡಿ, "ಹಾಗಾದರೆ ಅವರು ನಡೆದದ್ದೆಲ್ಲ ನನ್ನ ಒಲೆಯ ಮೇಲೆ ಹೋಯಿತೇ?" ಎಂದರು.

ಆ ಮನೆಯಲ್ಲಿ ಯಾರೂ ಹೊಟ್ಟೆಬಾಕರಲ್ಲ. ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಮಧ್ಯಾಹ್ನ ರೊಟ್ಟಿ, ಪಲ್ಯ, ಅನ್ನ, ಸಾರು, ಸಂಜೆ ಅಂಗಡಿಯಿಂದ ಬಂದ ಕೂಡಲೇ ಮೆಣಸಿನಕಾಯಿ ಬಜ್ಜಿ. ನಮ್ಮ ಊರಿನ ಸಾಮಾನ್ಯ ಊಟ. ಪಾಪ, ಮಂಡಕ್ಕಿಯ ತಪ್ಪೇನೂ ಇಲ್ಲ. ಒಂದು ದೊಡ್ಡ ಬಟ್ಟಲಿನ ಮಂಡಕ್ಕಿ ತೂಗಿದರೆ 20 ಗ್ರಾಂ ಆದೀತು, ಅದರಲ್ಲಿ 80 ಕ್ಯಾಲೊರಿಯೂ ಇರುವುದಿಲ್ಲ. ಅದಕ್ಕೆ ಕ್ಯಾನ್ ಬಗ್ಗಿಸಿ ನೇರವಾಗಿ ಬಾಣಲೆಗೆ ಸುರಿಯುತ್ತೇವಲ್ಲ, ತೊಂದರೆ ಅಲ್ಲಿದೆ. ಪಕ್ಕದಲ್ಲಿ ಇಡುವ ಬಜ್ಜಿಯಲ್ಲಿದೆ.

ನಾನು ಆಕೆಗೆ ಹೇಳಿದ್ದು ಒಂದೇ. ಕ್ಯಾನನ್ನು ಒಲೆಯ ಹತ್ತಿರ ಇಡಬೇಡಿ. ಬೆಳಿಗ್ಗೆ ಒಂದು ಸಣ್ಣ ಲೋಟದಲ್ಲಿ ಆ ದಿನದ ಎಣ್ಣೆ ಅಳೆದು ತೆಗೆದಿಟ್ಟುಕೊಳ್ಳಿ, ನಾಲ್ವರಿಗೆ 120 ಮಿಲಿಲೀಟರ್. ರಾತ್ರಿಯ ಪಲ್ಯಕ್ಕೂ ಅದರಲ್ಲಿಯೇ ಉಳಿಸಿಕೊಳ್ಳಬೇಕು. ಬಜ್ಜಿ ಭಾನುವಾರಕ್ಕೆ. ಬೆಣ್ಣೆ ದೋಸೆ ತಿಂಗಳಿಗೆ ಎರಡು ಸಲ, ಚೆನ್ನಾಗಿ ಸವಿದು ತಿನ್ನಲಿ, ಬೇಡ ಎನ್ನಲು ನಾನು ಯಾರು? ಮೊದಲ ವಾರ ಅತ್ತೆ ಪಲ್ಯ ಸಪ್ಪೆ ಎಂದರಂತೆ. ಆಕೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಗುರೆಳ್ಳು ಪುಡಿ ಒಂದಿಷ್ಟು ಹೆಚ್ಚು ಮಾಡಿದರು. ಆಮೇಲೆ ಆ ಮಾತೇ ಬರಲಿಲ್ಲವಂತೆ. ಹಬ್ಬ ಹುಣ್ಣಿಮೆ ಸೇರಿಸಿಕೊಂಡರೂ ಮುಂದಿನ ಕ್ಯಾನ್ ಮೂವತ್ತೈದು ದಿನ ಬಂತು.

ಎಂಟು ತಿಂಗಳಲ್ಲಿ ಯಜಮಾನರು ಏಳು ಕಿಲೊ ಇಳಿದರು. ಸಂತೋಷ. ಆದರೆ ನಾನು ಎಲ್ಲರಿಗೂ ಈ ಕಥೆ ಹೇಳುವುದು ಅವರಿಗಾಗಿ ಅಲ್ಲ, ಅವರ ಮಡದಿಗಾಗಿ. ಒಂದು ದಿನವೂ ಕೆರೆ ಕಡೆ ಹೋಗದ, ಮನೆ ಬಿಟ್ಟು ಅರ್ಧ ಗಂಟೆ ಹೊರಗೆ ನಡೆಯಲು ಪುರುಸೊತ್ತೇ ಇಲ್ಲದ ಆ ಹೆಣ್ಣುಮಗಳು ನಾಲ್ಕೂವರೆ ಕಿಲೊ ಇಳಿದಿದ್ದರು. ತೂಕದ ಯಂತ್ರದ ಮೇಲೆ ನಿಂತು ತಮ್ಮ ಕಣ್ಣನ್ನೇ ನಂಬದೆ, ಕೆಳಗಿಳಿದು ಚಪ್ಪಲಿ ಬಿಚ್ಚಿ ಮತ್ತೆ ಹತ್ತಿ ನೋಡಿದರು. ಇನ್ನೂ ಇನ್ನೂರು ಗ್ರಾಂ ಕಡಿಮೆಯೇ ತೋರಿಸಿತು. ತೂಕ ಇಳಿಸುವುದು ಊಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಾಗಿಲ್ಲ.

ಇನ್ನು ನಡಿಗೆ. ಅಕ್ಟೋಬರ್ ನಂತರ ಯಾರ್ಡಿಗೆ ಮೆಕ್ಕೆಜೋಳದ ಆವಕ ಶುರುವಾಯಿತು. ಯಜಮಾನರು ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ಗಾದಿಯ ಮೇಲೆ. ನಡಿಗೆ ನಿಂತಿತು. ಮನೆಯ ಎಣ್ಣೆ ಲೋಟ ಹಾಗೆಯೇ ಇತ್ತು, ಆದರೂ ಸಂಕ್ರಾಂತಿಯ ಹೊತ್ತಿಗೆ ಎರಡೂವರೆ ಕಿಲೊ ಮತ್ತೆ ಬಂದು ಕುಳಿತಿತ್ತು. ಕುಳಿತರೆ ಹಸಿವು ಕಡಿಮೆಯಾಗಬೇಕಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. 1956ರಲ್ಲಿ ಜೀನ್ ಮೇಯರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಕೆಲಸಗಾರರ ಊಟ, ತೂಕ, ದುಡಿಮೆಯ ಅಧ್ಯಯನ ಪ್ರಕಟಿಸಿದರು. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಪಾಳಿ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಈಗ ಕೇಳುತ್ತಿರಬಹುದು, ಅವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರೆ ಹೊರುವವರು ಹೆಚ್ಚು ತಿನ್ನುತ್ತಿದ್ದರು, ಹಗುರ ಕೆಲಸದವರು ಕಡಿಮೆ ತಿನ್ನುತ್ತಿದ್ದರು, ಇಬ್ಬರ ತೂಕವೂ ಹದವಾಗಿತ್ತು. ದಿನವಿಡೀ ಕುಳಿತಿರುತ್ತಿದ್ದ ಅಂಗಡಿಯವರು, ಮೇಲ್ವಿಚಾರಕರು ಮಾತ್ರ ದುಡಿಯುವವರಷ್ಟೇ ತಿನ್ನುತ್ತಿದ್ದರು, ತೂಕವೂ ಅವರದೇ ಹೆಚ್ಚು. ಮೈ ಅಲುಗದಿದ್ದರೆ ಹಸಿವಿನ ಲೆಕ್ಕ ತಪ್ಪುತ್ತದೆ. ನಡಿಗೆ ಕೊಬ್ಬು ಸುಡುವುದಕ್ಕಿಂತ ಹೆಚ್ಚಾಗಿ ಈ ಲೆಕ್ಕವನ್ನು ಸರಿ ಇಡುತ್ತದೆ.

ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟುಕೊಂಡು ಬಂದಿದ್ದಾರೆ. ಕನಿಷ್ಠ 13 ಕಿಲೊಗೂ ಹೆಚ್ಚು ತೂಕ ಇಳಿಸಿ, ಅದನ್ನು ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡವರ ಪಟ್ಟಿ ಅದು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಊಟ ಬದಲಿಸಿಕೊಂಡವರು. ನೂರಕ್ಕೆ 90 ಜನ ದಿನಕ್ಕೆ ಸರಾಸರಿ ಒಂದು ಗಂಟೆ ವ್ಯಾಯಾಮ ಮಾಡುವವರು. ಊಟ ಇಳಿಸಿತು, ನಡಿಗೆ ಕಾಯಿತು. ಮತ್ತೆ ಮತ್ತೆ ಇದನ್ನೇ ಹೇಳುತ್ತಿದ್ದೇನೆ ಎಂದು ಬೇಸರಪಡಬೇಡಿ. ಇದೊಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದದ್ದನ್ನು ನೀವೇ ನೋಡಿಕೊಳ್ಳುತ್ತೀರಿ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಬಿಸಿಲಿನಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ಓಡಬೇಡಿ. ಬೆವರಿನಲ್ಲಿ ಹೋಗುವುದು ನೀರು, ಒಂದು ಚೊಂಬು ನೀರು ಕುಡಿದರೆ ಆ ತೂಕ ವಾಪಸ್ ಬರುತ್ತದೆ. ಕರಗಿದ ಕೊಬ್ಬಿನ ಬಹುಪಾಲು ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಹೊಟ್ಟೆಗೆ ಬೆಲ್ಟ್ ಕಟ್ಟಿದರೆ ಹೊಟ್ಟೆ ಕರಗುವುದಿಲ್ಲ. ನಿಂಬೆರಸ, ಜೇನುತುಪ್ಪ ಕೊಬ್ಬು ಕರಗಿಸುವುದಿಲ್ಲ, ಜೇನುತುಪ್ಪವೂ ಸಕ್ಕರೆಯೇ.

ಮುದ್ದೆ ಉಂಡರೆ ತೂಕ ಇಳಿಯುತ್ತದೆ, ಅನ್ನ ಉಂಡರೆ ಏರುತ್ತದೆ ಎನ್ನುವವರಿದ್ದಾರೆ. ರಾಗಿ ಹಿಟ್ಟಿನಲ್ಲಿಯೂ ಅಕ್ಕಿಯಲ್ಲಿಯೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಸೊಪ್ಪಿನ ಸಾರಿನ ಜೊತೆ ಹೊಟ್ಟೆ ಬೇಗ ತುಂಬುತ್ತದೆ. ಅದು ದೊಡ್ಡ ಗುಣ. ಹಾಗೆಂದು ಎರಡು ಮುದ್ದೆಯ ಜಾಗದಲ್ಲಿ ಮೂರು ಉಂಡರೆ ಮೈಗೆ ಹತ್ತುತ್ತದೆ. ಹೊಸದುರ್ಗದ ಸಾವೆ, ನವಣೆಗೂ ಇದೇ ಮಾತು. ಸಿರಿಧಾನ್ಯದ ಚಕ್ಕುಲಿಯನ್ನು ಕರಿದದ್ದು ಎಣ್ಣೆಯಲ್ಲಿಯೇ.

ಊಟ ಕಡಿಮೆ ಮಾಡುವಾಗ ಅನ್ನ, ಎಣ್ಣೆ, ಸಕ್ಕರೆ ಕಡಿಮೆ ಮಾಡಿ. ಬೇಳೆ, ಮೊಳಕೆ ಕಾಳು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ, ಇವನ್ನು ಕಡಿಮೆ ಮಾಡಬೇಡಿ. ಮಾಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದಕ್ಕೇ ವಾರಕ್ಕೆ ಎರಡು ದಿನವಾದರೂ ಬಸ್ಕಿ, ದಂಡದಂತಹ ಕಸರತ್ತು ಬೇಕು. ಗರಡಿ ಮನೆಗಳಿಗೆ ಹೆಸರಾದ ಊರು ನಮ್ಮದು, ಅದನ್ನು ಹೇಳಿಕೊಡುವವರು ಇನ್ನೂ ಇದ್ದಾರೆ.

ಅಕ್ಕಂದಿರಿಗೆ ಒಂದು ಮಾತು. ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಚೆಲ್ಲಬಾರದೆಂದು ನೀವು ತಿನ್ನುತ್ತೀರಿ. ಅದೇ ದಿನಕ್ಕೆ ಅರ್ಧ ಊಟವಾಗುತ್ತದೆ. ಮೊದಲೇ ಕಡಿಮೆ ಬಡಿಸಿ, ಬೇಕಾದರೆ ಇನ್ನೊಮ್ಮೆ ಬಡಿಸಿ.

ಇನ್ನೊಂದು ಮಾತು ಹೇಳದೆ ಹೋಗಲಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮೊದಲು ನಿಮ್ಮ ವೈದ್ಯರಿಗೆ ತಿಳಿಸಿ. ಊಟ ಇಳಿದು ಔಷಧಿ ಹಾಗೆಯೇ ಮುಂದುವರಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಔಷಧಿಯ ಪ್ರಮಾಣವನ್ನು ಅವರು ಸರಿಹೊಂದಿಸಿಕೊಡುತ್ತಾರೆ, ನೀವಾಗಿಯೇ ನಿಲ್ಲಿಸಬೇಡಿ.

ನಮಸ್ಕಾರ.