ಸೀಸೆಯ ಲೇಬಲ್ ಅಳಿಸಿಹೋಯಿತು | ಅಂಡಮಾನಿನಲ್ಲಿ ಬಸವನಹುಳು ಹುಡುಕಾಟ

ಎಲ್ಲರಿಗೂ ನಮಸ್ಕಾರ. ಹಿಂದೆ ಕಾಣುತ್ತಿರುವುದು ಚಿಡಿಯಾ ಟಾಪು. ಪೋರ್ಟ್ ಬ್ಲೇರ್‌ನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. 2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟಿದ್ದಾರೆ, ನನ್ನ ಬಾಯಿಗೆ ಮಾತ್ರ ಇನ್ನೂ ಹಳೆಯದೇ ಬರುತ್ತದೆ. ಇಲ್ಲಿಗೆ ಜನ ಸೂರ್ಯ ಮುಳುಗುವುದನ್ನು ನೋಡಲು ಬರುತ್ತಾರೆ. ನಾವು ತರಗೆಲೆ ಜರಡಿ ಹಿಡಿಯಲು ಬಂದಿದ್ದೇವೆ.

ಜರಡಿ ಹಿಡಿಯುವುದು ಹೇಗೆ ಅಂತ ಹೇಳುವುದಿಲ್ಲ, ಕಾಣುತ್ತಿದೆ ಅಲ್ವಾ. ಕೆಳಗೆ ಬಿಳಿ ಬಟ್ಟೆ ಹಾಸಿದ್ದೇವೆ. ಅದರ ಮೇಲೆ ಉದುರಿದ ಪುಡಿಯಲ್ಲಿ ಸಾಸಿವೆ ಕಾಳಿನಷ್ಟು ಏನೋ ಇದೆ ನೋಡಿ. ಅದು ಮಣ್ಣಲ್ಲ. ಪೂರ್ತಿ ಬೆಳೆದ ಬಸವನಹುಳು. ಲೆನ್ಸಿನಲ್ಲಿ ನೋಡಿದರೆ ಚಿಪ್ಪಿನ ತುಂಬ ಸಣ್ಣ ಸಣ್ಣ ಗೆರೆ, ಬಾಯಿಗೆ ಒಂದು ಪುಟ್ಟ ಮುಚ್ಚಳ. ಅಪಾಯ ಅಂತ ಅನಿಸಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ನನಗೆ ಇದಕ್ಕಿಂತ ಚಂದದ ಪ್ರಾಣಿ ಇಲ್ಲ.

ಹೋದ ಸಲ ಇದೇ ಮಾತನ್ನು ಕಪ್ಪೆಗೆ ಹೇಳಿದ್ದೆ, ನೆನಪಿದೆ. ಈಗ ಬದಲಾಯಿಸಿದ್ದೇನೆ.

ದ್ವೀಪದಲ್ಲಿ ಬಸವನಹುಳು ಯಾಕೆ ಅಂದರೆ, ಇದು ನಡೆಯುವುದು ತೆವಳಿಕೊಂಡು, ಉಪ್ಪು ನೀರು ಇದಕ್ಕೆ ಆಗುವುದಿಲ್ಲ. ಎಲ್ಲೋ ಒಂದು ಸಲ ಮರದ ದಿಮ್ಮಿಯ ಜೊತೆ ತೇಲಿ ಬಂದಿರಬಹುದು. ಆಮೇಲೆ ಸಾವಿರಾರು ವರ್ಷ ಅಲ್ಲೇ. ಹಾಗಾಗಿ ಒಂದು ದ್ವೀಪದ್ದು ಪಕ್ಕದ ದ್ವೀಪದ್ದಕ್ಕಿಂತ ಬೇರೆಯೇ ಆಗಿಬಿಟ್ಟಿರುತ್ತದೆ. ಅಂಡಮಾನಿಗೂ ನಿಕೋಬಾರಿಗೂ ನಡುವೆ ಹತ್ತು ಡಿಗ್ರಿ ಕಾಲುವೆ ಇದೆ, ಸುಮಾರು 150 ಕಿಲೋಮೀಟರ್ ಅಗಲ. ನಮಗೆ ಅದು ಹಡಗಿನಲ್ಲಿ ಒಂದು ನಿದ್ದೆಯ ದೂರ. ಬಸವನಹುಳುವಿಗೆ ಅದರಾಚೆ ಬೇರೆ ಲೋಕ.

ಸರಿ, ಈ ಶಾಟ್ ರೂಮಿನದ್ದು. ಇದನ್ನು ತೋರಿಸಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ತೋರಿಸುತ್ತೇನೆ.

ಮೇಜಿನ ಮೇಲೆ 14 ಸೀಸೆ ಇವೆ. ಮೂರು ದಿನದ ಕೆಲಸ. ಒಳಗೆ ಆಲ್ಕೋಹಾಲ್, ಆಲ್ಕೋಹಾಲ್‌ನಲ್ಲಿ ಬಸವನಹುಳು, ಜೊತೆಗೆ ಒಂದು ಚೀಟಿ. ಈಗ ಚೀಟಿಯ ಮೇಲೆ ಜೂಮ್ ಮಾಡುತ್ತೇನೆ. ಏನಾದರೂ ಕಾಣುತ್ತಿದೆಯಾ? ತಿಳಿ ನೀಲಿ ಕಲೆ, ಅಷ್ಟೇ. ಹದಿನಾಲ್ಕೂ ಹೀಗೇ.

ಆಗಿದ್ದು ಏನೆಂದರೆ, ನನ್ನ ಪೆನ್ನು ಕಳೆದುಹೋಗಿತ್ತು. ಅಂಗಡಿಯಲ್ಲಿ ಹೊಸದು ಕೇಳಿದೆ. 'ಪರ್ಮನೆಂಟ್, ನೀರಿಗೆ ಹೋಗಲ್ಲ' ಅಂದರು. 220 ರೂಪಾಯಿ. ಒಂದು ಪೆನ್ನಿಗೆ 220! ಕೊಟ್ಟೆ. ಅದರಲ್ಲೇ ಚೀಟಿ ಬರೆದೆ, ಸೀಸೆಯ ಹೊರಗೂ ಅದರಲ್ಲೇ ಬರೆದೆ. ನೀರಿಗೆ ನಿಜವಾಗಲೂ ಹೋಗಲಿಲ್ಲ. ಆಲ್ಕೋಹಾಲ್‌ಗೆ ಮಾತ್ರ ಒಂದೇ ರಾತ್ರಿಯಲ್ಲಿ ಕರಗಿತು. ಹೊರಗಿನ ಬರಹ ಆದರೂ ಉಳಿಯಬೇಕಿತ್ತಲ್ಲ? ಮುಚ್ಚಳಗಳು ಸೋರಿ ಅದೂ ಒರೆಸಿಹೋಗಿದೆ.

ಮೊದಲು ಅಂಗಡಿಯವರ ಮೇಲೆ ಸಿಟ್ಟು ಬಂತು. ಆಮೇಲೆ ಅನಿಸಿತು, ಅವರು ಹೇಳಿದ್ದು ನೀರಿನ ಮಾತು, ಅದು ಸರಿಯಾಗಿಯೇ ಇತ್ತು. ನಾನು ಆಲ್ಕೋಹಾಲ್ ಅಂತ ಕೇಳಲೇ ಇಲ್ಲ. ಒಂದು ಚೀಟಿಯನ್ನು ರಾತ್ರಿ ನೆನೆಹಾಕಿ ನೋಡಿದ್ದರೆ ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ತಪ್ಪು ನನ್ನದು.

ಒಂದು ಚೀಟಿಗೆ ಇಷ್ಟೊಂದು ಬೇಜಾರಾ ಅಂತ ಕೇಳಬಹುದು. ಚೀಟಿ ಇಲ್ಲದಿದ್ದರೆ ಸೀಸೆಯಲ್ಲಿ ಇರುವುದು ಬರೀ ಸತ್ತ ಹುಳ. ಎಲ್ಲಿ ಸಿಕ್ಕಿತು, ಯಾವ ದಿನ, ಎಷ್ಟು ಎತ್ತರದಲ್ಲಿ, ಮರದ ಮೇಲಾ, ಕಲ್ಲಿನ ಕೆಳಗಾ, ಯಾರು ಹಿಡಿದರು, ಇಷ್ಟು ಇದ್ದರೆ ಮಾತ್ರ ಅದು ಸ್ಯಾಂಪಲ್. ಹೊಸ ಜೀವಿಗೆ ಹೆಸರು ಇಡುವಾಗ ಒಂದೇ ಒಂದು ಸ್ಯಾಂಪಲ್ಲನ್ನು ಹೋಲೋಟೈಪ್ ಅಂತ ಗುರುತಿಸುತ್ತಾರೆ. ಆ ಹೆಸರು ಅದಕ್ಕೇ ಅಂಟಿಕೊಂಡಿರುತ್ತದೆ. ನೂರು ವರ್ಷ ಆದ ಮೇಲೆ ಯಾರಿಗೋ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬೇಕು. ಊರು ಗೊತ್ತಿಲ್ಲದ ಹುಳವನ್ನು ಹಾಗೆ ಇಡಲು ಮನಸ್ಸು ಬರುತ್ತದಾ? ಅನುಮತಿ ಪಡೆದು ಹಿಡಿದಿದ್ದೇನೆ, ಒಂದು ಜೀವ ತೆಗೆದಿದ್ದೇನೆ. ಅದು ವ್ಯರ್ಥ ಆಗಬಾರದು, ನನ್ನ ಸಂಕಟ ಅದೇ.

ಗಾಡ್ವಿನ್ ಆಸ್ಟಿನ್ ಅಂತ ಒಬ್ಬರಿದ್ದರು. ಕೆ2 ಶಿಖರದ ಸುತ್ತ ಸರ್ವೇ ಮಾಡಿದವರು, ಆ ಶಿಖರಕ್ಕೆ ಒಂದು ಕಾಲದಲ್ಲಿ ಅವರ ಹೆಸರೇ ಇತ್ತು. ಅಷ್ಟು ದೊಡ್ಡ ಬೆಟ್ಟ ಅಳೆದ ಮನುಷ್ಯ ಇಂಥ ಸಣ್ಣ ಚಿಪ್ಪುಗಳನ್ನೂ ಕೂತು ನೋಡಿದ್ದಾರೆ. 1895ರಲ್ಲಿ ಅಂಡಮಾನ್ ನಿಕೋಬಾರಿನ ನೆಲದ ಬಸವನಹುಳುಗಳ ಪಟ್ಟಿ ಮಾಡಿದರು, ಯಾವುದು ಎಲ್ಲಿ ಸಿಗುತ್ತದೆ ಅನ್ನುವುದರ ಸಮೇತ. ಅವರ ಚಿಪ್ಪುಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ. ನಾವು ಈಗಲೂ ಆ ಪಟ್ಟಿಯಿಂದಲೇ ಶುರು ಮಾಡಬೇಕು. ಜೊತೆಗೆ ಇದ್ದ ಚೀಟಿಗಳು ಉಳಿದದ್ದರಿಂದ ಅದು ಸಾಧ್ಯ.

ಅಯ್ಯೋ, ಕ್ಲಿಪ್ ಮುಗಿಯಿತು. ಕಾಡಿಗೆ ವಾಪಸ್.

ಇದು ರಾತ್ರಿ. ಇಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ಟಾರ್ಚ್ ಬೆಳಕಿನಲ್ಲಿ ರಸ್ತೆ ದಾಟುತ್ತಿರುವ ಆ ದೊಡ್ಡದು ಇದೆಯಲ್ಲ, ಅದು ಬೇರೆ. ಆಫ್ರಿಕನ್ ಬಸವನಹುಳು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಇಲ್ಲಿದ್ದಾಗ ಬಂದದ್ದು ಅಂತಾರೆ. ನನಗೆ ಇದು ಮನೆಯಿಂದಲೇ ಪರಿಚಯ. ನಮ್ಮದು ಶನಿವಾರಸಂತೆ ಕಡೆ. ಮಳೆ ಹಿಡಿದ ಮೇಲೆ ಕಾಫಿ ತೋಟದಲ್ಲಿ ಗಿಡದ ತುಂಬ ಇವೇ. ಅಪ್ಪ ಬೆಳಿಗ್ಗೆ ಎದ್ದು ಬಕೆಟ್ ತುಂಬ ಆರಿಸಿ ಉಪ್ಪುನೀರಿಗೆ ಹಾಕುತ್ತಿದ್ದರು. ನಾನು ಬಸವನಹುಳು ಓದುತ್ತೇನೆ ಅಂದಾಗ ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, 'ಸರಿ ಮಗು, ಇದು ಹೋಗೋ ದಾರಿ ಏನಾದ್ರೂ ಸಿಕ್ಕಿದ್ರೆ ಹೇಳು' ಅಂದರು.

ಹೋಗುವ ದಾರಿ ಅಂದರೆ ಜನ ಮೊದಲು ಕೇಳುವುದು, ಇದನ್ನು ತಿನ್ನುವ ಪ್ರಾಣಿ ತಂದು ಬಿಡಬಹುದಲ್ಲ ಅಂತ. ದಯವಿಟ್ಟು ಬೇಡ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ ಹಾಗೇ ಮಾಡಿದರು. ಆಫ್ರಿಕನ್ ಬಸವನಹುಳು ತಿನ್ನಲಿ ಅಂತ 1977ರಲ್ಲಿ ಬೇರೆ ಬಸವನಹುಳುಗಳನ್ನು ಬೇಟೆಯಾಡುವ ಒಂದು ಜಾತಿಯನ್ನು ತಂದು ಬಿಟ್ಟರು. ಅದು ದೊಡ್ಡದನ್ನು ಬಿಟ್ಟು ಅಲ್ಲಿನದೇ ಆದ ಪಾರ್ಟುಲಾ ಅನ್ನುವ ಪುಟ್ಟ ಬಸವನಹುಳುಗಳಿಗೆ ಬಾಯಿ ಹಾಕಿತು. ಹತ್ತು ವರ್ಷದಲ್ಲಿ ಮೊರೆಯಾದ ಕಾಡಿನಲ್ಲಿ ಪಾರ್ಟುಲಾ ಬಹುತೇಕ ಇಲ್ಲವಾಯಿತು. ವಿಜ್ಞಾನಿಗಳು ಮೊದಲೇ ಒಂದಷ್ಟು ಹಿಡಿದು ಮೃಗಾಲಯಗಳಲ್ಲಿ ಸಾಕಿದ್ದರಿಂದ ಕೆಲವು ಜಾತಿ ಉಳಿದವು. 2015ರಿಂದ ಅವನ್ನು ಮತ್ತೆ ಕಾಡಿಗೆ ಬಿಡುತ್ತಿದ್ದಾರೆ. ಯಾವುದು ಯಾವ ದ್ವೀಪದ್ದು ಅಂತ ಬರೆದಿಟ್ಟಿದ್ದಕ್ಕೇ ಅದು ಅಲ್ಲಿಗೇ ವಾಪಸ್ ಹೋಗಲು ಆಯಿತು. ನೋಡಿ, ಮತ್ತೆ ಚೀಟಿಗೇ ಬಂದೆ.

ಇಲ್ಲಿನ ಕಾಡಿನಲ್ಲಿ ಹೆಸರು ಇಲ್ಲದ್ದು ಇನ್ನೂ ಇದೆ ಅಂತ ನಾನು ನಂಬುತ್ತೇನೆ. 2016ರಲ್ಲಿ ಅಂಡಮಾನಿನಿಂದ ಬೆರಳ ತುದಿಯಷ್ಟು ಒಂದು ಕಪ್ಪೆಗೆ ಹೆಸರಿಟ್ಟರು, ಬ್ಲೈಥೊಫ್ರೈನ್ ಬೆರಿಯೆಟ್. ಹೊಸ ಜಾತಿ ಮಾತ್ರ ಅಲ್ಲ, ಹೊಸ ಕುಲವೇ, ಅಂದರೆ ಜಾತಿಗಿಂತ ಒಂದು ಮೆಟ್ಟಿಲು ಮೇಲಿನ ಗುಂಪೇ ಹೊಸದು. ಬೆರಿಯೆಟ್ ಅಂದರೆ ಗ್ರೇಟ್ ಅಂಡಮಾನೀ ಭಾಷೆಯಲ್ಲಿ ಸಣ್ಣ ಕಪ್ಪೆ. ಇಲ್ಲಿನ ಜೀವಕ್ಕೆ ಇಲ್ಲಿನ ಮಾತಿನ ಹೆಸರು. ಬೆನ್ನುಮೂಳೆ ಇರುವ ಪ್ರಾಣಿಯೇ ಇಷ್ಟು ದಿನ ತಪ್ಪಿಸಿಕೊಂಡಿದ್ದರೆ, ಸಾಸಿವೆ ಕಾಳಿನಂಥದ್ದು ಎಷ್ಟಿರಬಹುದು?

ಬ್ಯಾಟರಿ ಕೆಂಪಾಗಿದೆ. ಬೇಗ ಹೇಳುತ್ತೇನೆ.

ಆ 14 ಸೀಸೆ ಏನಾಯಿತು? ನಾನು ಹಿಡಿದಾಗೆಲ್ಲ ಸೀಸೆಯನ್ನು ಕ್ಯಾಮೆರಾಗೆ ತೋರಿಸಿ ಜಾಗದ ಹೆಸರು ಹೇಳುತ್ತಿದ್ದೆ, ನಿಮಗೋಸ್ಕರ. ನಿನ್ನೆ ಪೂರ್ತಿ ಆ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅಂಚು ಮುರಿದ ಚಿಪ್ಪು, ಬಣ್ಣ, ಸೀಸೆಯಲ್ಲಿ ಎಷ್ಟು ಹುಳ ಅನ್ನುವ ಲೆಕ್ಕ, ಎಲ್ಲ ಹೋಲಿಸಿದೆ. ಒಂಬತ್ತು ಖಚಿತವಾಗಿ ಸಿಕ್ಕವು. ಉಳಿದ ಐದರಲ್ಲಿ ಎಲ್ಲ ಒಂದೇ ಥರದ ಸಣ್ಣವು. ಐದು ಜಾಗ ಯಾವುವು ಅಂತ ಗೊತ್ತು, ಯಾವ ಸೀಸೆ ಯಾವ ಜಾಗದ್ದು ಅಂತ ಮಾತ್ರ ಗೊತ್ತಾಗಲಿಲ್ಲ. ಊಹೆ ಮಾಡಿ ಬರೆಯಬಹುದಿತ್ತು. ಬರೆಯಲಿಲ್ಲ. 'ದಕ್ಷಿಣ ಅಂಡಮಾನ್, ಜಾಗ ಗೊತ್ತಿಲ್ಲ' ಅಂತ ಹಾಕಿದ್ದೇನೆ.

ಈ ಸಲ ದಪ್ಪ ಕಾಗದ, ಪೆನ್ಸಿಲ್. ಐದು ರೂಪಾಯಿಯ ಪೆನ್ಸಿಲ್ ಆಲ್ಕೋಹಾಲ್‌ಗೆ ಕರಗುವುದಿಲ್ಲ. ಸೀಸೆಯ ಒಳಗೆ ಒಂದು ಚೀಟಿ, ನೋಟ್‌ಬುಕ್ಕಿನಲ್ಲಿ ಅದೇ ನಂಬರ್. ನೀವು ಬೀಚಿನಲ್ಲಿ ಚಂದ ಕಂಡಿತು ಅಂತ ಚಿಪ್ಪು ಎತ್ತಿಕೊಂಡು ಹೋಗಬೇಡಿ, ಫೋಟೋ ತೆಗೆಯಿರಿ ಸಾಕು.

ಮಳೆ ಬಂತು. ನಾಳೆ ಬೆಳಿಗ್ಗೆ ಅದೇ ಐದು ಜಾಗಕ್ಕೆ ಮತ್ತೆ ಹೋಗುತ್ತಿದ್ದೇವೆ. ಕ್ಯಾಮೆರಾ ಒಳಗೆ ಇಡುತ್ತೇನೆ.